ಹೇಳಿ ಹೋಗುವ ಹೊಣೆ

ತಾನಾಗಿ ಕೊಡಲಾರಂಭಿಸಿದುದನ್ನು ಮನುಷ್ಯನು ತಾನಾಗಿಯೇ ನಿಲ್ಲಿಸಬಹುದೇ? ಸಾಲ ಪಡೆದವನಿಗೆ, ಸಂಬಳ ಪಡೆದವನಿಗೆ, ಮಾತು ಕೊಟ್ಟವನಿಗೆ ಇರುವ ಹೊಣೆಗಳನ್ನು ಕುರಿತು ನಮ್ಮ ಹಿರಿಯರು ಬೇಕಾದಷ್ಟು ಹೇಳಿದ್ದಾರೆ. ಆದರೆ ಯಾರೂ ಬೇಡದೆ, ಯಾವ ಪ್ರತಿಫಲವನ್ನೂ ಅಪೇಕ್ಷಿಸದೆ, ಕೇವಲ ತನ್ನ ಸಂತೋಷಕ್ಕಾಗಿ ಒಂದು ಕಾರ್ಯವನ್ನು ನಡೆಸಿಕೊಂಡು ಬಂದವನು ಅದನ್ನು ಕೈಬಿಡುವಾಗ ಯಾರಿಗೆ ಏನನ್ನು ಸಲ್ಲಿಸಬೇಕಾಗಿದೆ? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ತೀರ ಅನಿರೀಕ್ಷಿತವಾದ ದಿಕ್ಕಿನಿಂದ.

2023ರ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗನು ಅಮೆರಿಕದ ಸಿಯಾಟಲ್ ನಗರದಿಂದ ಊರಿಗೆ ಬಂದಿದ್ದನು. ಒಂದು ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ, "ಮಾವ, ಯಾರೂ ಕೇಳದೆ ಕೊಡುತ್ತ ಬಂದುದನ್ನು ನಿಲ್ಲಿಸಿದರೆ ತಪ್ಪಾಗುತ್ತದೆಯೇ?" ಎಂದು ಕೇಳಿದನು. ಯಾವುದೋ ದಾನಧರ್ಮದ ವಿಷಯವಿರಬೇಕೆಂದು ನಾನು ಭಾವಿಸಿದೆನು. ವಿಚಾರಿಸಿದಾಗ ತಿಳಿದದ್ದು ಬೇರೆ. ಅವನೂ ಅವನ ಇಬ್ಬರು ಗೆಳೆಯರೂ 2017ರಿಂದ ವಿಡಿಯೋ ಗೇಮುಗಳನ್ನು ಕುರಿತು ಒಂದು ಪಾಡ್‌ಕಾಸ್ಟ್ ನಡೆಸುತ್ತಿದ್ದರು. ಹದಿನೈದು ದಿನಗಳಿಗೊಮ್ಮೆ, ಭಾನುವಾರ ರಾತ್ರಿ, ಒಂದೂಕಾಲು ಗಂಟೆಯ ಮಾತುಕತೆ. ಆಗಲೇ ನೂರ ಎಪ್ಪತ್ತರ ಸಮೀಪಕ್ಕೆ ಕಂತುಗಳು ಬಂದಿದ್ದವು. ಕೇಳುಗರು ಕೆಲವು ನೂರು ಮಂದಿ. ಅದನ್ನು ನಿಲ್ಲಿಸಬೇಕೆಂದು ಮನಸ್ಸಾಗಿದೆ, ಆದರೆ ನಿಲ್ಲಿಸಲು ಧೈರ್ಯವಿಲ್ಲ ಎಂದನು.

ಪಾಡ್‌ಕಾಸ್ಟ್ ಎಂಬುದರ ಪರಿಚಯವಿಲ್ಲದ ಹಿರಿಯ ವಾಚಕರಿಗಾಗಿ ಎರಡು ಮಾತು. ಇದು ಬಾನುಲಿಯಂತೆ ಕಿವಿಗೆ ಬರುವ ಕಾರ್ಯಕ್ರಮವೇ ಆದರೂ ಇದಕ್ಕೆ ಕೇಂದ್ರವಿಲ್ಲ, ಪರವಾನಿಗೆ ಇಲ್ಲ, ವೇಳಾಪಟ್ಟಿ ಇಲ್ಲ. ಧ್ವನಿಮುದ್ರಿಕೆಯ ಕಡತವನ್ನು ಬಾಡಿಗೆಯ ಗಣಕಯಂತ್ರವೊಂದರಲ್ಲಿ ಇಡುತ್ತಾರೆ. ಅದರ ಜೊತೆಗೆ ಕಂತುಗಳ ಯಾದಿಯಂತಿರುವ ಸಣ್ಣದೊಂದು ಬರಹ ಇರುತ್ತದೆ. ಕೇಳುಗರ ಫೋನು ಆಗಾಗ ಆ ಬರಹವನ್ನು ತೆರೆದು ಹೊಸತೇನಾದರೂ ಬಂದಿದೆಯೇ ಎಂದು ನೋಡುತ್ತದೆ, ಇದ್ದರೆ ತಂದಿಡುತ್ತದೆ. ಈ ಹೆಸರನ್ನು 2004ರಲ್ಲಿ ಬ್ರಿಟನ್ನಿನ ಪತ್ರಕರ್ತ ಬೆನ್ ಹ್ಯಾಮರ್ಸ್ಲಿ 'ಗಾರ್ಡಿಯನ್' ಪತ್ರಿಕೆಯ ಲೇಖನವೊಂದರಲ್ಲಿ ಬಳಸಿದರು. 2005ರ ಜೂನಿನಲ್ಲಿ ಆಪಲ್ ಕಂಪನಿಯು ತನ್ನ ಐಟ್ಯೂನ್ಸಿನಲ್ಲಿ ಇವುಗಳಿಗೆ ಸ್ಥಾನ ಕೊಟ್ಟ ಮೇಲೆ ಎಲ್ಲೆಡೆ ಹಬ್ಬಿತು. ಒಂದು ಮೈಕು, ಒಂದು ಗಣಕಯಂತ್ರ, ಮಾತನಾಡುವ ಹುಮ್ಮಸ್ಸು ಇವಿಷ್ಟಿದ್ದರೆ ಯಾರು ಬೇಕಾದರೂ ಆರಂಭಿಸಬಹುದು. ಮೂವರೂ ತಂತಮ್ಮ ಮನೆಯಲ್ಲಿ ಕುಳಿತು ತಂತಮ್ಮ ಧ್ವನಿಯನ್ನು ಮುದ್ರಿಸಿಕೊಳ್ಳುವುದು, ಆಮೇಲೆ ಒಬ್ಬನು ಮೂರನ್ನೂ ಜೋಡಿಸಿ ಕೆಮ್ಮು, ತೊದಲು, ನಾಯಿಯ ಬೊಗಳು ಎಲ್ಲವನ್ನೂ ಕತ್ತರಿಸಿ ತೆಗೆಯುವುದು. ಒಂದು ಗಂಟೆಯ ಮಾತಿಗೆ ಮೂರು ನಾಲ್ಕು ಗಂಟೆಗಳ ಕೆಲಸ. ಏಳು ವರ್ಷಗಳ ಕಾಲ ಆ ಕೆಲಸವನ್ನು ಮಾಡಿದವನು ನನ್ನ ಸೋದರಳಿಯನೇ.

ವಿಡಿಯೋ ಗೇಮು ಆಡುವುದು ಕಾಲಹರಣವೇ, ಕಲೆಯೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಅದನ್ನು ಕುರಿತು ಅವನೊಡನೆ ಹಿಂದೊಮ್ಮೆ ವಾದಿಸಿ ಸೋತಿದ್ದೇನೆ.

ನಿಲ್ಲಿಸುವ ಇಚ್ಛೆ ಏಕೆ ಹುಟ್ಟಿತು ಎಂದು ಕೇಳಿದಾಗ ಅವನು ಮೊದಲು ಗೆಳೆಯರ ಕಾರಣಗಳನ್ನು ಹೇಳಿದನು. ಒಬ್ಬನಿಗೆ ಮಗು ಹುಟ್ಟಿದೆ. ಇನ್ನೊಬ್ಬನು ಶಿಕಾಗೋ ನಗರಕ್ಕೆ ಹೋಗಿದ್ದಾನೆ, ಸಿಯಾಟಲಿನಲ್ಲಿ ರಾತ್ರಿ ಒಂಬತ್ತಾದಾಗ ಅವನಿಗೆ ಹನ್ನೊಂದು. ತನ್ನ ಕಾರಣವನ್ನು ಕೊನೆಗೆ, ಸ್ವಲ್ಪ ಸಂಕೋಚದಿಂದ ಹೇಳಿದನು. ಮೊದಲು ಆಡಿದ ಸಂತೋಷವನ್ನು ಹಂಚಿಕೊಳ್ಳಲು ಮಾತನಾಡುತ್ತಿದ್ದೆ, ಈಗ ಮಾತನಾಡಬೇಕಲ್ಲ ಎಂದು ಆಡುತ್ತಿದ್ದೇನೆ. ಆಟ ಮುಗಿಯುವ ಮೊದಲೇ ಅದರ ಬಗ್ಗೆ ಏನು ಹೇಳಬೇಕೆಂಬ ಟಿಪ್ಪಣಿ ಸಿದ್ಧವಾಗಿರುತ್ತದೆ ಎಂದನು. ಹವ್ಯಾಸವು ಉದ್ಯೋಗದ ಭಾರವನ್ನು ಪಡೆದೂ ಉದ್ಯೋಗದ ಹೆಸರನ್ನಾಗಲಿ ಸಂಬಳವನ್ನಾಗಲಿ ಪಡೆಯದಿರುವ ಈ ಸ್ಥಿತಿ ನಮ್ಮಲ್ಲಿ ಸಂಘಸಂಸ್ಥೆಗಳನ್ನು ನಡೆಸಿದ ಅನೇಕರಿಗೆ ಗೊತ್ತಿರುವುದೇ.

ಇಂತಹ ಕಾರ್ಯಕ್ರಮಗಳು ನಿಲ್ಲುವ ಬಗೆಗಳಲ್ಲಿ ವ್ಯತ್ಯಾಸವಿದೆ. 'ವನ್ ಅಪ್ ಯುವರ್ಸ್' ಎಂಬುದು 2005ರಲ್ಲಿ ಆರಂಭವಾದ, ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದ ಪಾಡ್‌ಕಾಸ್ಟ್. ಅದನ್ನು ನಡೆಸುತ್ತಿದ್ದವರು ಜಿಫ್ ಡೇವಿಸ್ ಪ್ರಕಾಶನದ ಸಂಬಳದ ನೌಕರರು. 2009ರ ಜನವರಿಯಲ್ಲಿ ಆ ಸಂಸ್ಥೆಯು ತನ್ನ 'ವನ್ ಅಪ್' ವಿಭಾಗವನ್ನು ಹರ್ಸ್ಟ್ ಒಡೆತನದ ಯುಜಿಒ ಕಂಪನಿಗೆ ಮಾರಿದಾಗ ಮೂವತ್ತಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಅವರಲ್ಲಿ ಕೆಲವರು ಕೂಡಲೇ 'ರೆಬೆಲ್ ಎಫ್‌ಎಂ' ಎಂಬ ಬೇರೊಂದು ಪಾಡ್‌ಕಾಸ್ಟನ್ನು ತಮ್ಮ ಪಾಡಿಗೆ ಆರಂಭಿಸಿದರು. ಅಲ್ಲಿ ಮಾತು ನಿಂತದ್ದು ಮಾತನಾಡುವವರ ಇಚ್ಛೆಯಿಂದಲ್ಲ. ಆದ್ದರಿಂದ ಕೇಳುಗರಿಗೆ ದುಃಖವಾದರೂ ಆ ಹುಡುಗರ ಮೇಲೆ ಯಾರೂ ದೋಷ ಹೊರಿಸುವಂತಿರಲಿಲ್ಲ. ಹವ್ಯಾಸಿಗೆ ಈ ಅನುಕೂಲವಿಲ್ಲ. ಅವನ ಮೇಲೆ ಒಡೆಯನಿಲ್ಲ. ಆದ್ದರಿಂದ ಕಾರಣವನ್ನು ದಾಟಿಸಲು ಇನ್ನೊಬ್ಬನೂ ಇಲ್ಲ.

ನಾನು ಅವನಿಗೆ ಅರವಟ್ಟಿಗೆಯ ಮಾತನ್ನು ಹೇಳಿದೆನು. ಬೇಸಗೆಯಲ್ಲಿ ದಾರಿಬದಿಯಲ್ಲಿ ಅರವಟ್ಟಿಗೆ ಇಡುವವನು ಯಾರಿಗೂ ಸಾಲಗಾರನಲ್ಲ. ಮುಂದಿನ ವರ್ಷ ಇಡದಿದ್ದರೆ ಅವನನ್ನು ಪ್ರಶ್ನಿಸುವ ಹಕ್ಕು ಯಾವ ದಾರಿಹೋಕನಿಗೂ ಇಲ್ಲ. ಆದರೆ ನಾಲ್ಕಾರು ವರ್ಷ ಅಲ್ಲಿ ನೀರು ಸಿಕ್ಕಿದೆಯೆಂದು ನಂಬಿ, ಮನೆಯಿಂದ ತಂಬಿಗೆ ತಾರದೆ ಹೊರಟವನು ಖಾಲಿ ಚಪ್ಪರದ ಮುಂದೆ ನಿಂತಾಗ? ಆ ನಂಬಿಕೆಯನ್ನು ಬೆಳೆಸಿದವನು ಇಟ್ಟವನೇ. ಕೊಡುವುದು ಅವನ ಸ್ವಾತಂತ್ರ್ಯವಾಗಿತ್ತು. ನಂಬಿಕೆ ಬೆಳೆದ ಮೇಲೆ, ಕೊಡುತ್ತಲೇ ಇರಬೇಕೆಂಬ ಹೊಣೆ ಬರದಿದ್ದರೂ, ನಿಲ್ಲಿಸಿದ್ದೇನೆ ಎಂದು ತಿಳಿಸುವ ಹೊಣೆ ಬರುತ್ತದೆ. ಅಳಿಯನು ಇದನ್ನು ಒಪ್ಪಿದನು, ಆದರೆ ಒಂದು ತಿದ್ದುಪಡಿಯೊಡನೆ. "ನೀರಿಲ್ಲದಿದ್ದರೆ ಸಾಯಬಹುದು ಮಾವ, ನಮ್ಮ ಹರಟೆಯಿಲ್ಲದಿದ್ದರೆ ಯಾರೂ ಸಾಯುವುದಿಲ್ಲ." ನಿಜವೇ. ಆದರೂ ರಾತ್ರಿಪಾಳಿ ಮುಗಿಸಿ ಕಾರಿನಲ್ಲಿ ಒಬ್ಬಳೇ ಮನೆಗೆ ಮರಳುವಾಗ ನಿಮ್ಮ ಮೂವರ ಮಾತೇ ನನಗೆ ಜೊತೆ ಎಂದು ದಾದಿಯೊಬ್ಬಳು ಅವರಿಗೆ ಬರೆದಿದ್ದಳೆಂದು ಅವನೇ ಆಮೇಲೆ ಹೇಳಿದನು.

ತಿಳಿಸಿ ನಿಲ್ಲಿಸುವುದು ಇಷ್ಟು ಸರಳವಾಗಿರುವಾಗ ಹೆಚ್ಚಿನವರು ತಿಳಿಸದೆ ಏಕೆ ಮಾಯವಾಗುತ್ತಾರೆ? ಇದಕ್ಕೆ ಆ ವಲಯದಲ್ಲಿ 'ಪಾಡ್‌ಫೇಡ್' ಎಂಬ ಪದವೇ ಇದೆ. ಎರಡು ವಾರದ ಬದಲು ಮೂರು ವಾರ, ಆಮೇಲೆ ತಿಂಗಳು, ಆಮೇಲೆ 'ತಡವಾಯಿತು, ಕ್ಷಮಿಸಿ' ಎಂಬ ಮುನ್ನುಡಿಯ ಒಂದು ಕಂತು, ಆಮೇಲೆ ಏನೂ ಇಲ್ಲ. ಹೀಗೆ ಮಾಯವಾಗುವವನು ಕೇಳುಗರಿಗೆ ಸುಳ್ಳು ಹೇಳಿರುವುದಿಲ್ಲ. ಏಕೆಂದರೆ ತನಗೇ ನಿಜ ಹೇಳಿಕೊಂಡಿರುವುದಿಲ್ಲ. ಮುಂದಿನ ವಾರ ಮಾಡಿದರಾಯಿತು ಎಂದು ನಂಬಿರುತ್ತಾನೆ. ನಿಲ್ಲಿಸುವುದೆಂದು ನಿರ್ಧರಿಸಿದರೆ ತನ್ನ ಒಂದು ಭಾಗ ಮುಗಿಯಿತೆಂದು ಒಪ್ಪಬೇಕಾಗುತ್ತದೆ. ನಿರ್ಧರಿಸದಿದ್ದರೆ ಆ ನೋವಿಲ್ಲ. ಆದರೆ ಆ ನೋವು ಎಲ್ಲಿಗೂ ಹೋಗಿರುವುದಿಲ್ಲ, ಕೇಳುಗರ ಕಡೆಗೆ ವರ್ಗಾವಣೆಯಾಗಿರುತ್ತದೆ. ಅವರ ಫೋನು ಪ್ರತಿದಿನವೂ ಹೊಸತಿದೆಯೇ ಎಂದು ಕೇಳುತ್ತಲೇ ಇರುತ್ತದೆ. ವಿನೋದವೆಂದರೆ, ಆಪಲ್ ಕಂಪನಿಯ ನಿಯಮದಂತೆ ಆ ಕಂತುಗಳ ಯಾದಿಯಲ್ಲಿ 'ಮುಗಿದಿದೆ' ಎಂದು ಸೂಚಿಸಲು ಒಂದು ಗುರುತು ಇದೆ. ಒಂದು ಸಾಲು ಬರೆದರೆ ಸಾಕು, ಇನ್ನು ಕಂತುಗಳಿಲ್ಲ ಎಂಬುದು ಯಂತ್ರಕ್ಕೂ ತಿಳಿಯುತ್ತದೆ. ಯಂತ್ರವನ್ನು ಮಾಡಿದವರು ಯೋಚಿಸಿದ ಈ ಅಂತ್ಯವನ್ನು ಮನುಷ್ಯರು ಬರೆಯಲು ಹಿಂಜರಿಯುತ್ತಾರೆ.

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವನು 'ಹೋಗುತ್ತೇನೆ' ಎನ್ನಬಾರದು, 'ಬರುತ್ತೇನೆ' ಎನ್ನಬೇಕು. ಮಂಗಳಕರವಾದ ರೂಢಿ. ಆದರೆ ಬರುವ ಮನಸ್ಸಿಲ್ಲದವನು ಕೊನೆಯ ಕಂತಿನಲ್ಲಿ 'ಮತ್ತೆ ಎಂದಾದರೂ ಬರುತ್ತೇವೆ' ಎನ್ನುವುದು ಸೌಜನ್ಯವೇ, ವಂಚನೆಯೇ? ಗೆಳೆಯರಲ್ಲಿ ಒಬ್ಬನು ಬಾಗಿಲನ್ನು ಸ್ವಲ್ಪ ತೆರೆದಿಡೋಣ ಎಂದಿದ್ದನಂತೆ. ಅವನ ಪರವಾಗಿ ಹೇಳಲು ಒಂದು ಉದಾಹರಣೆಯೂ ಇತ್ತು. 'ಐಡಲ್ ಥಂಬ್ಸ್' ಎಂಬ ಪಾಡ್‌ಕಾಸ್ಟನ್ನು ಕೆಲವು ಸ್ನೇಹಿತರು 2008ರಲ್ಲಿ ಆರಂಭಿಸಿ 2010ರಲ್ಲಿ ನಿಲ್ಲಿಸಿದ್ದರು. 2012ರಲ್ಲಿ ಮತ್ತೆ ಆರಂಭಿಸುವ ಮನಸ್ಸಾಗಿ ಕಿಕ್‌ಸ್ಟಾರ್ಟರ್ ಮೂಲಕ ಕೇಳುಗರಿಂದ 30,000 ಡಾಲರ್ ಬೇಡಿದರು. ಬಂದದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆ ತಂಡದ ಇಬ್ಬರು ಮುಂದೆ ಕ್ಯಾಂಪೊ ಸ್ಯಾಂಟೊ ಎಂಬ ಸಂಸ್ಥೆಯನ್ನು ಕಟ್ಟಿ 2016ರಲ್ಲಿ 'ಫೈರ್‌ವಾಚ್' ಎಂಬ ಪ್ರಸಿದ್ಧ ಆಟವನ್ನು ಹೊರತಂದರು. ಅದಕ್ಕೆ ಸಂಗೀತ ಕೊಟ್ಟವರೂ ಅದೇ ಪಾಡ್‌ಕಾಸ್ಟಿನ ಕ್ರಿಸ್ ರೆಮೊ. ಹೀಗೆ ನಿಂತದ್ದು ಮರಳಿ ಬಂದುದುಂಟು. ಆದರೆ ಮರಳಿ ಬಂದಾಗ ಅದು ಮೊದಲಿನ ಅರವಟ್ಟಿಗೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಹಣ ಪಡೆದ ಕ್ಷಣದಿಂದ ಅದು ಕೊಡುಗೆಯಲ್ಲ, ಕರಾರು. ನನ್ನ ಅಭಿಪ್ರಾಯ ಇಷ್ಟೇ: ಬರುವ ಸಂಕಲ್ಪವಿದ್ದರೆ ಬಾಗಿಲು ತೆರೆದಿಡಲಿ; ವಿದಾಯದ ಸಂಕಟವನ್ನು ತಪ್ಪಿಸಿಕೊಳ್ಳಲು ತೆರೆದಿಟ್ಟರೆ ಹೊರಗೆ ಕಾಯುವವರಿಗೆ ಅನ್ಯಾಯ.

ಹಣದ ಮಾತು ಇಲ್ಲಿಯೂ ಇತ್ತು. ಗಣಕಯಂತ್ರದ ಬಾಡಿಗೆಗೆಂದು ಕೆಲವು ಹತ್ತು ಮಂದಿ ಕೇಳುಗರು ಪೇಟ್ರಿಯಾನ್ ಎಂಬ ವ್ಯವಸ್ಥೆಯ ಮೂಲಕ ತಿಂಗಳಿಗೆ ಎರಡು ಮೂರು ಡಾಲರ್ ಕೊಡುತ್ತಿದ್ದರು. ನಿಲ್ಲಿಸಿದ ಮೇಲೂ ಹಳೆಯ ಕಂತುಗಳನ್ನು ಉಳಿಸಲು ಬಾಡಿಗೆ ಬೇಕಲ್ಲ, ಹಣ ಬರುತ್ತಿರಲಿ, ಬೇಡವಾದವರು ತಾವೇ ನಿಲ್ಲಿಸುತ್ತಾರೆ ಎಂಬುದು ಒಬ್ಬನ ವಾದ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮರೆತವರ ಜೇಬಿನಿಂದ ಬರುವ ಹಣವು ಕೊಟ್ಟ ಹಣವೆನಿಸುವುದಿಲ್ಲ. ಕೊಡುವವನ ಮನಸ್ಸು ಅಲ್ಲಿ ಇಲ್ಲ, ಕೈ ಮಾತ್ರ ಇದೆ. ಕೊನೆಯ ಮೂರು ಕಂತುಗಳಿಗೆ ಮೊದಲೇ ವಂತಿಗೆಯನ್ನು ನಿಲ್ಲಿಸಿ, ಆ ಮೂರು ಕಂತುಗಳ ಖರ್ಚನ್ನು ಮೂವರೂ ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಈ ಒಂದು ಸಂಗತಿಯಲ್ಲಿ ಮಾತ್ರ ನನ್ನ ಅಳಿಯನು ನನ್ನನ್ನು ಕೇಳುವ ಮೊದಲೇ ನಿರ್ಧಾರ ಮಾಡಿದ್ದನು.

ಹಳೆಯ ಕಂತುಗಳ ಪ್ರಶ್ನೆ ಇನ್ನೂ ಕಠಿಣ. ಬಾಡಿಗೆ ನಿಂತರೆ ಕಡತಗಳು ಅಳಿಯುತ್ತವೆ. ಪ್ರಮಾಣವೇನೂ ದೊಡ್ಡದಲ್ಲ, ಸಾಧಾರಣ ಮಾತಿನ ಮುದ್ರಣವು ಗಂಟೆಗೆ ಸುಮಾರು 29 ಮೆಗಾಬೈಟ್, ಏಳು ವರ್ಷಗಳ ಎಲ್ಲ ಮಾತೂ ಸೇರಿ 6 ಗಿಗಾಬೈಟಿನಷ್ಟು, ಉಗುರಿನಗಲದ ಕಾರ್ಡಿನಲ್ಲಿ ಹಿಡಿಸುವಂಥದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1996ರಿಂದ ಇರುವ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಗ್ರಂಥಾಲಯಕ್ಕೆ ಇಂತಹವನ್ನು ಉಚಿತವಾಗಿ ಒಪ್ಪಿಸಬಹುದು. ಹರಟೆಯನ್ನು ಯಾರಿಗಾಗಿ ಕಾಪಾಡಬೇಕು ಎಂದು ನಾನು ಕೇಳಿದ್ದೆನು. ಅವನ ಉತ್ತರ ನನ್ನನ್ನು ಸುಮ್ಮನಾಗಿಸಿತು. ಅಮೆರಿಕದಲ್ಲಿ ಹಿಂದೆ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಅದೇ ವರ್ಷ ಮಾರ್ಚಿಯಲ್ಲಿ ನಿಂಟೆಂಡೊ ಕಂಪನಿಯು ತನ್ನ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವನ್ನು ನಿಲ್ಲಿಸಿತು. ಆಟ ಹೋದರೂ ಅದನ್ನು ಆಡಿದವರಿಗೆ ಆ ದಿನ ಹೇಗನ್ನಿಸಿತು ಎಂಬುದು ಇಂತಹ ಹರಟೆಗಳಲ್ಲಿ ಮಾತ್ರ ಉಳಿದಿರುತ್ತದೆ.

ಆದರೆ ಉಳಿಸುವುದೆಂದರೆ ತಪ್ಪುಗಳನ್ನೂ ಉಳಿಸುವುದು. ಮೊದಲ ವರ್ಷದ ಒಂದು ಕಂತಿನಲ್ಲಿ, ಒಬ್ಬನೇ ಕುಳಿತು ಮಾಡಿದ ಒಂದು ಸಣ್ಣ ಆಟವನ್ನು ಈ ಮೂವರೂ ಏಳು ನಿಮಿಷಗಳ ಕಾಲ ಗೇಲಿ ಮಾಡಿದ್ದರು. ಆ ವ್ಯಕ್ತಿ ನಾಲ್ಕು ಸಾಲಿನ ಪತ್ರ ಬರೆದಿದ್ದನು. ಬೈಗುಳವಿರಲಿಲ್ಲ, ಎರಡು ವರ್ಷ ದುಡಿದಿದ್ದೆ, ಕೇಳಿ ಬೇಸರವಾಯಿತು ಎಂದಷ್ಟೇ ಇತ್ತು. ಅದಕ್ಕೆ ಉತ್ತರ ಹೋಗಿರಲಿಲ್ಲ. ನಿಲ್ಲಿಸುವ ಹೊತ್ತಿಗೆ ಆ ಪತ್ರ ಅಳಿಯನಿಗೆ ಮತ್ತೆ ಮತ್ತೆ ನೆನಪಾಗತೊಡಗಿತು. ಆ ಭಾಗವನ್ನು ಸದ್ದಿಲ್ಲದೆ ಕತ್ತರಿಸಿದರೆ ತಮ್ಮ ದೋಷವನ್ನು ಮುಚ್ಚಿಟ್ಟಂತೆ. ಹಾಗೆಯೇ ಬಿಟ್ಟರೆ ಆ ಗೇಲಿ ಗ್ರಂಥಾಲಯ ಇರುವವರೆಗೂ ಇರುತ್ತದೆ. ಮಾತು ನಿಮ್ಮದು, ನೋವು ಅವನದು, ಆದ್ದರಿಂದ ಅವನನ್ನೇ ಕೇಳು ಎಂದೆನು. ಕ್ಷಮೆ ಬೇಡಿ ಬರೆದರು. ಆರು ವಾರ ಕಾದರೂ ಉತ್ತರ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಕೊನೆಗೆ ಆ ಏಳು ನಿಮಿಷಗಳನ್ನು ತೆಗೆದು, ತೆಗೆದಿದ್ದೇವೆ ಎಂಬುದನ್ನೂ ಏಕೆ ಎಂಬುದನ್ನೂ ಆಟದ ಹೆಸರೆತ್ತದೆ ಕೊನೆಯ ಕಂತಿನಲ್ಲಿ ಹೇಳಿದರು.

ಆ ಕಂತು 2024ರ ಮಾರ್ಚಿಯಲ್ಲಿ ಹೊರಬಂತು. ನಾನೂ ಕೇಳಿದೆನು. ಆಟಗಳ ಹೆಸರು ಒಂದೂ ತಿಳಿಯಲಿಲ್ಲ. ಮೂವರೂ ಬಹಳ ನಕ್ಕರು. ಕೊನೆಯಲ್ಲಿ 'ಇದು ಮುಗಿಯಿತು, ಕೇಳಿದ್ದಕ್ಕೆ ವಂದನೆ' ಎಂದು ಹೇಳಿದವನು ನನ್ನ ಅಳಿಯನೇ. ಬಾಗಿಲನ್ನು ತೆರೆದಿಡೋಣ ಎಂದಿದ್ದ ಗೆಳೆಯನು ಏನೂ ಹೇಳಲಿಲ್ಲ.

ಕೆಲವು ತಿಂಗಳ ಬಳಿಕ ಫೋನಿನಲ್ಲಿ ಮಾತನಾಡುವಾಗ, ಭಾನುವಾರ ರಾತ್ರಿ ಈಗ ಏನು ಮಾಡುತ್ತೀಯೆ ಎಂದು ಕೇಳಿದೆನು. ಮೊದಲು ಎರಡು ಬಾರಿ ಮೂವರೂ ಅದೇ ಹೊತ್ತಿಗೆ ಫೋನಿನಲ್ಲಿ ಸೇರಿದರಂತೆ, ಮುದ್ರಣವಿಲ್ಲದೆ. ಮೂರನೆಯ ಬಾರಿ ಒಬ್ಬನ ಮಗುವಿಗೆ ಜ್ವರ. ಆಮೇಲೆ ತಿಂಗಳಿಗೊಮ್ಮೆ ಎಂದು ಮಾಡಿಕೊಂಡಿದ್ದಾರೆ. ಆ ತಿಂಗಳದ್ದು ಇನ್ನೂ ಆಗಿರಲಿಲ್ಲ.