ದೂರು ಬರದ ಮಗು

ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಇರಬಹುದೆಂಬ ಅನುಮಾನ ನಮ್ಮಲ್ಲಿ ಹುಟ್ಟುವುದು ಹೆಚ್ಚಾಗಿ ದೂರಿನಿಂದ. ಕೂತಲ್ಲಿ ಕೂರುವುದಿಲ್ಲ, ಪಕ್ಕದವರನ್ನು ಕೆಣಕುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ ಎಂದು ಮೇಷ್ಟ್ರು ಹೇಳಿ ಕಳಿಸಿದ ಮೇಲೆ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ. ದೊಡ್ಡವರ ಕಿರಿಕಿರಿಯೇ ಹೀಗೆ ಕಾಯಿಲೆಯ ಅಳತೆಗೋಲಾಗಿಬಿಟ್ಟಿದೆ. ಈ ಅಳತೆಗೋಲೇ ತಪ್ಪು ಎನ್ನುವುದು ನನ್ನ ವಾದ. ಮಗು ತಾನೇ ಮನಸ್ಸಿಟ್ಟು ಮಾಡಹೊರಟ ಕೆಲಸದಲ್ಲಿ ಎಲ್ಲೆಲ್ಲಿ, ಎಷ್ಟು ಕಾಲದಿಂದ ಎಡವುತ್ತಿದೆ ಎಂಬುದನ್ನು ನಾವು ನೋಡಬೇಕು.

ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಹೋಬಳಿ ಊರಿನ ಶಾಲೆಯಲ್ಲಿ, ಗೋಡೆ ಬದಿಗೆ ಸುಮ್ಮನೆ ಕೂತ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಲೆಕ್ಕದ ಪುಸ್ತಕದಲ್ಲಿ ಮೊದಲ ಮೂರು ಲೆಕ್ಕ ಸರಿ. ನಾಲ್ಕನೆಯದರಲ್ಲಿ ಕಳೆಯುವ ಗುರುತಿದ್ದರೂ ಕೂಡಿದ್ದಾಳೆ. ಐದನೆಯದನ್ನು ಬೋರ್ಡಿನಿಂದ ಅರ್ಧ ಬರೆದುಕೊಂಡು ಬಿಟ್ಟಿದ್ದಾಳೆ. ಅಂಗಡಿಗೆ ಕಳಿಸಿದರೆ ಸಕ್ಕರೆ ತಂದು ಬೆಂಕಿಪೊಟ್ಟಣ ಮರೆಯುತ್ತಾಳೆ. ಇವಳಿಂದ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ದೂರೂ ಇಲ್ಲ. ಸೋಮಾರಿ ಎಂಬ ಹೆಸರು ಮಾತ್ರ ಅಂಟಿಕೊಳ್ಳುತ್ತದೆ. ಇಷ್ಟರಿಂದಲೇ ಅವಳಿಗೆ ಎಡಿಎಚ್‌ಡಿ ಎನ್ನಲಾಗದು, ನಿಜ. ಆದರೆ ಮನೋವೈದ್ಯರು ರೋಗ ಗುರುತಿಸಲು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಗಮನದ ಕೊರತೆಗೆ 9, ಅತಿಚಟುವಟಿಕೆ ಮತ್ತು ಆತುರಕ್ಕೆ 9 ಲಕ್ಷಣಗಳ ಪ್ರತ್ಯೇಕ ಪಟ್ಟಿಗಳಿವೆ. ಮಕ್ಕಳಲ್ಲಿ ಯಾವುದಾದರೂ ಒಂದು ಪಟ್ಟಿಯ 6 ಲಕ್ಷಣಗಳು ವಯಸ್ಸಿಗೆ ಮೀರಿದ ಮಟ್ಟದಲ್ಲಿ 6 ತಿಂಗಳಾದರೂ ಇರಬೇಕು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರಿರಬೇಕು, ಮನೆ ಶಾಲೆಗಳಂಥ ಎರಡು ಕಡೆಯಾದರೂ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು. ಗಲಾಟೆ ಮಾಡಲೇಬೇಕೆಂಬ ಷರತ್ತು ಎಲ್ಲೂ ಇಲ್ಲ. ಆದರೂ ನಾವು ಗಲಾಟೆಗಾಗಿಯೇ ಕಾಯುತ್ತೇವೆ; ಹುಡುಗಿಯರು ಹೆಚ್ಚಾಗಿ ಕಣ್ತಪ್ಪುವುದಕ್ಕೆ ಇದೂ ಒಂದು ಕಾರಣ.

ಮಕ್ಕಳೆಂದರೆ ಹಾಗೇ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎನ್ನುವವರಿದ್ದಾರೆ. ಮೊಬೈಲು ಟೀವಿಗಳ ಸುಳಿವೂ ಇಲ್ಲದ 1902ರಲ್ಲೇ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇದನ್ನು ಹೋಲುವ ತೊಂದರೆಯಿದ್ದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬಾಲ್ಯಕ್ಕೇ ಕಾಯಿಲೆಯ ಚೀಟಿ ಹಚ್ಚುತ್ತಿದ್ದೇವೆ ಎಂಬುದು. ಅದರಲ್ಲಿ ಸತ್ಯವಿದೆ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ಚಿಕ್ಕವರಾದ ಮಕ್ಕಳಿಗೆ ಈ ಹೆಸರು ಹೆಚ್ಚಾಗಿ ಬೀಳುವುದು ಕೆನಡಾ, ತೈವಾನ್‌ಗಳ ಅಧ್ಯಯನಗಳಲ್ಲಿ ಕಂಡಿದೆ. ಬಲಿಯದ ವಯಸ್ಸನ್ನು ಕಾಯಿಲೆಯೆಂದು ತಿಳಿದರೆ ಅದು ಮಗುವಿಗೆ ಮಾಡುವ ಅನ್ಯಾಯವೇ. ಆದರೆ ಆ ತಪ್ಪಿನ ಮೂಲವೂ ತರಗತಿಯ ಕಿರಿಕಿರಿಯನ್ನೇ ನಂಬುವುದು. ಮಗುವಿನ ವಯಸ್ಸು ನೋಡಿ, ಎರಡು ಕಡೆಯ ಸಾಕ್ಷ್ಯ ಕೇಳಿ, ಕಣ್ಣು, ಕಿವಿ, ನಿದ್ದೆ, ಮನೆಯೊಳಗಿನ ಭಯ ಇವನ್ನೆಲ್ಲ ವಿಚಾರಿಸಿದರೆ ಚೀಟಿ ಹಚ್ಚುವ ಆತುರವೂ ತಗ್ಗುತ್ತದೆ, ಗೋಡೆ ಬದಿಯ ಹುಡುಗಿಯೂ ಕಾಣುತ್ತಾಳೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅದರಡಿ ಶಾಲೆಗೆ ಬರುವ ತಂಡ ಹಲ್ಲು, ಕಣ್ಣು, ತೂಕಗಳನ್ನು ಒಂದೇ ದಿನದಲ್ಲಿ ನೋಡಬಲ್ಲದು. ಆರು ತಿಂಗಳ ನಡತೆಯನ್ನು ನೋಡಲಾರದು. ಅದನ್ನು ಬಲ್ಲವರು ತರಗತಿಯ ಟೀಚರು ಮತ್ತು ತಾಯಿ. ಅವರಿಬ್ಬರೂ ತಾವು ಕಂಡದ್ದನ್ನು ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಟ್ಟರೂ ಸಾಕು. ಮುಂದೆ ಚಿಕ್ಕಮಗಳೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ದಾಗ ವೈದ್ಯರು ಕೇಳುವುದೂ ಅದನ್ನೇ: ಶಾಲೆಯಲ್ಲಿ ಹೇಗಿರುತ್ತಾಳೆ, ಮನೆಯಲ್ಲಿ ಹೇಗಿರುತ್ತಾಳೆ, ಯಾವಾಗಿನಿಂದ ಹೀಗೆ.