ಪ್ರತಿ ಎತ್ತುವವನ ಪ್ರಾಮಾಣಿಕತೆ

ಒಬ್ಬನ ಕೈಕೆಲಸವನ್ನು ಇನ್ನೊಬ್ಬನು ನೋಡಿ ಹಾಗೆಯೇ ಮಾಡುವದು ಕಳ್ಳತನವೋ, ವಿದ್ಯೆಯೋ? ಈ ಪ್ರಶ್ನೆಯು ಚಿತ್ರಗಾರರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಹಳ್ಳಿಯ ಸಭೆಯವರನ್ನು ನೋಡಿ, ಇವರು ಪರದೇಶಿಗಳ ನಕಲು ಎಂದು ಹಂಗಿಸುವವರಿದ್ದಾರೆ. ಅದನ್ನು ಕೇಳಿ ನಮ್ಮ ಯೌವನಸ್ಥರು ತಲೆತಗ್ಗಿಸುವದುಂಟು. ಆದದರಿಂದ ಇದನ್ನು ಒಂದು ಪಟದ ಮೂಲಕ ವಿಚಾರಿಸೋಣ. ಪಟಗಳೆಂದರೆ ನಮ್ಮವರಿಗೆ ಅಷ್ಟು ಒಲವಿಲ್ಲವೆಂದು ಬಲ್ಲೆನು. ಆದರೆ ಇದು ಪೂಜೆಯ ಪಟವಲ್ಲ, ಒಬ್ಬ ಮನುಷ್ಯನ ಮುಖ.

ಇತಾಲ್ಯ ದೇಶದ ರಾಫಾಯೆಲನು ಸುಮಾರು 1514-15ರಲ್ಲಿ ತನ್ನ ಸ್ನೇಹಿತನಾದ ಬಲ್ದಸ್ಸಾರೆ ಕಾಸ್ತಿಲ್ಯೋನೆ ಎಂಬವನ ಭಾವಚಿತ್ರವನ್ನು ಬರೆದನು. ಅದು ಈಗ ಪಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ 82, ಅಗಲ 67 ಸೆಂಟಿಮೀಟರು. ಕರೀ ಟೊಪ್ಪಿ, ಬೂದುಬಣ್ಣದ ತುಪ್ಪಳ, ಕೊರಳ ಬಳಿ ಬಿಳೀ ಅಂಗಿ, ಶಾಂತವಾದ ನೀಲಿ ಕಣ್ಣುಗಳು. ಹಿಂದೆ ಬೆಟ್ಟವಿಲ್ಲ, ಮರವಿಲ್ಲ, ಬರೀ ಮಾಸಲು ಬೆಳಕು. ಇದರ ಪ್ರತಿ ಎತ್ತಲು ಕೂತವನು ಚೌಕಗಳನ್ನೆಳೆದು ಅಳತೆಯನ್ನು ಹಿಡಿಯುತ್ತಾನೆ. ಬಳಿಕ ಒಂದೇ ಕಂದುಬಣ್ಣದಿಂದ ಬೆಳಕು ನೆರಳುಗಳನ್ನು ತುಂಬಿ, ಅದು ಒಣಗಿದ ಮೇಲೆ ತೆಳುವಾದ ಬಣ್ಣಗಳನ್ನು ಪದರ ಪದರವಾಗಿ ಹಚ್ಚುತ್ತಾನೆ. ಆಗಲೇ ಅವನಿಗೆ ತಿಳಿಯುವದೇನಂದರೆ, ತಾನು ಕಪ್ಪೆಂದು ಎಣಿಸಿದ್ದು ಒಂದೇ ಕಪ್ಪಲ್ಲ. ಗೆರೆಯೆಂದು ಕಂಡ ಕೆನ್ನೆಯಂಚಿನಲ್ಲಿ ಗೆರೆಯೇ ಇಲ್ಲ, ಬೆಳಕು ನೆರಳಿಗೆ ಮೆಲ್ಲಗೆ ಜಾರುತ್ತದೆ. ಕಣ್ಣು ಕಂಡೆನೆಂದು ಹೆಮ್ಮೆಪಟ್ಟದ್ದನ್ನು ಕೈಯು ಸುಳ್ಳೆಂದು ತೋರಿಸುತ್ತದೆ. ಮಳಲಿನ ಮೇಲೆ ಅಕ್ಷರ ತಿದ್ದುವ ಮಗುವಿಗೂ ಇದೇ ಪಾಠ.

ದೊಡ್ಡವರಾದ ಮೇಲೆ ಇದು ಬೇಡವೆಂದು ಯಾರೂ ನೆನಸಬಾರದು. ರೂಬೆನ್ಸನೆಂಬ ಹೆಸರಾಂತ ಚಿತ್ರಗಾರನು ಈ ಕಾಸ್ತಿಲ್ಯೋನೆಯ ಪ್ರತಿಯನ್ನೆತ್ತಿದನು. ಐವತ್ತು ದಾಟಿದ ಮೇಲೆ, 1628-29ರಲ್ಲಿ, ಮದ್ರಿದಿನಲ್ಲಿ ತಿತ್ಸಿಯಾನನ ಆದಾಮ ಹವ್ವರ ಚಿತ್ರವನ್ನು ಪ್ರತಿ ಮಾಡಿದನು. ಆದರೆ ಅದರಲ್ಲಿ ತನ್ನದಾಗಿ ಒಂದು ಗಿಳಿಯನ್ನೂ ಕೂರಿಸಿದನು!

ಹಾಗಾದರೆ ಕಳ್ಳನು ಯಾರು? ವಿದ್ಯಾರ್ಥಿಯೂ ವಂಚಕನೂ ಒಂದೇ ಕುಂಚದಿಂದ ಒಂದೇ ಮುಖವನ್ನು ಬರೆಯಬಹುದು. ಲೂವ್ರಿನಲ್ಲಿ ಪ್ರತಿ ಎತ್ತುವವರಿಗೆ ಈ ಕಟ್ಟಳೆಗಳುಂಟು: ಮೂಲದ ಅಳತೆಯಲ್ಲಿಯೇ ಬರೆಯಕೂಡದು; ಮೂಲ ಚಿತ್ರಗಾರನ ರುಜುವನ್ನು ಹಾಕಕೂಡದು; ಹಿಂಭಾಗದಲ್ಲಿ ಮುದ್ರೆ ಬೀಳಬೇಕು. ಪ್ರತಿಯು ತಾನು ಪ್ರತಿಯೆಂದು ಒಪ್ಪಿಕೊಂಡರೆ ಸಾಕು, ಅದರಲ್ಲಿ ಅವಮಾನವೇನೂ ಇಲ್ಲ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ತನ್ನನ್ನು ಮಾದರಿಯಾಗಿ ತೋರಿಸಿದಾಗ, ತನಗೂ ಒಬ್ಬ ಮೂಲನುಂಟೆಂಬದನ್ನು ಮರೆಮಾಡಲಿಲ್ಲ. ನಮಗೆ ಸುವಾರ್ತೆ ತಂದ ಮಿಶನರಿಗಳೂ ಪ್ರತಿಗಳೇ. ಅವರ ಕೋಟನ್ನೂ ಮಾತಿನ ರಾಗವನ್ನೂ ಹಿಡಿದುಕೊಂಡವರು ಪಟವನ್ನು ಬಿಟ್ಟು ಚೌಕಟ್ಟನ್ನು ನಕಲು ಮಾಡಿದರು. ಅಂಥವರ ವಿಷಯದಲ್ಲಿ ಹಂಗಿಸುವವರ ಮಾತು ಅರ್ಧ ನಿಜವೇ ಎಂದು ನನ್ನೆಣಿಕೆ. ಆದರೆ ಶತ್ರುವನ್ನು ಕ್ಷಮಿಸಲು ಕಲಿತವನು ಯಾವ ಪರದೇಶಿಯ ನಕಲು?

1639ರಲ್ಲಿ ಅದೇ ಕಾಸ್ತಿಲ್ಯೋನೆಯ ಪಟವು ಅಂಸ್ಟರ್ಡಾಮಿನಲ್ಲಿ ಹರಾಜಿಗೆ ಬಂದು 3,500 ಗಿಲ್ಡರಿಗೆ ಮಾರಾಟವಾಯಿತು. ಅಷ್ಟು ಹಣ ಕೊಟ್ಟು ಕೊಂಡವನು ಬೇರೊಬ್ಬನು. ರೆಂಬ್ರಾಂಟನು ಅದನ್ನು ಲೇಖನಿಯಿಂದ ಬೇಗ ಬೇಗನೆ ಕಾಗದದ ಮೇಲೆ ಗೀಚಿ, ಪಕ್ಕದಲ್ಲಿ ಬೆಲೆಯನ್ನೂ ಬರೆದುಕೊಂಡನು. ಮರುವರುಷ ತನ್ನ ಭಾವಚಿತ್ರವನ್ನು ತಾನೇ ಬರೆದನು. ಅದು ಈಗ ಲಂಡನಿನಲ್ಲಿದೆ. ಕೂತ ಭಂಗಿಯಲ್ಲಿ ಇತಾಲ್ಯದವರ ಗುರುತು ಕಾಣುತ್ತದೆ. ಮುಖವು ಮಾತ್ರ ಹಾಲೆಂಡಿನ ಗಿರಣಿಯವನ ಮಗನದೇ. ಆ ದಪ್ಪ ಮೂಗನ್ನು ಅವನು ಸ್ವಲ್ಪವೂ ತಿದ್ದಲಿಲ್ಲ.