ಟಿಪ್ಪಣಿಯ ಸತ್ಯ

ಗೊತ್ತಿಲ್ಲದ್ದನ್ನು ಗೊತ್ತಿದೆಯೆಂಬಂತೆ ಬರೆಯುವುದು ಸುಳ್ಳಾಗುತ್ತದೆಯೆ? ಬಾಯಿಮಾತಿನಲ್ಲಾದರೆ ಉತ್ತರ ಸುಲಭ. ನೆರೆಮನೆಯ ಜಗಳವನ್ನು ಯಾರೋ ಹೇಳಿದ್ದನ್ನು ಕೇಳಿ, ತಾನೇ ಕಣ್ಣಾರೆ ಕಂಡೆನೆಂದು ಸಾರಿದವನನ್ನು ಸುಳ್ಳುಗಾರನೆನ್ನಲು ನಾವು ಹಿಂಜರಿಯುವುದಿಲ್ಲ. ಅದೇ ಕೆಲಸವನ್ನು ಇತಿಹಾಸದ ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ಮಾಡಿದವನಿಗೆ ಪ್ರಥಮ ದರ್ಜೆ ಸಿಗುವುದುಂಟು.

ನಾನು ಕನ್ನಡ ಪಾಠ ಹೇಳುವವನು. ಆದರೆ ಕನ್ನಡ ಓದುವ ಹುಡುಗರಿಗೆ ಶಾಸನವೂ ನಾಡಿನ ಚರಿತ್ರೆಯೂ ತಪ್ಪಿದ್ದಲ್ಲ. ವರ್ಷಕ್ಕೊಂದು ಪ್ರಬಂಧವನ್ನು ಅವರು ಬರೆದೇ ತೀರಬೇಕು. ಬರೆಯುವ ಮುನ್ನ ಟಿಪ್ಪಣಿ ಮಾಡಿಕೊಳ್ಳುವುದನ್ನು ಕಲಿಸುತ್ತೇನೆಂದರೆ ಅವರ ಮುಖ ಸಪ್ಪಗಾಗುತ್ತದೆ. ಟಿಪ್ಪಣಿಯೆಂದರೆ ಗುಮಾಸ್ತೆಯ ಕೆಲಸವೆಂದು ಅವರ ಎಣಿಕೆ. ಈಗಂತೂ ಪುಸ್ತಕದ ಪುಟಕ್ಕೆ ಮೊಬೈಲು ಹಿಡಿದು ಫೋಟೋ ತೆಗೆದರೆ ಮುಗಿಯಿತು. ಪುಟ ಅವರ ಜೇಬಿಗೆ ಬರುತ್ತದೆ, ತಲೆಗೆ ಬರುವುದಿಲ್ಲ. ವಾರ ಕಳೆದ ಮೇಲೆ ಅದು ಯಾವ ಪುಸ್ತಕದ ಪುಟವೆಂಬುದೂ ಮರೆತಿರುತ್ತದೆ.

ಬೆಂಗಳೂರಿನ ಹೆಸರಿನ ಸಂಗತಿಯನ್ನೇ ನೋಡಿ. ಊರಿನ ಚರಿತ್ರೆ ಬರೆಯಿರೆಂದರೆ ಹತ್ತರಲ್ಲಿ ಎಂಟು ಮಂದಿ ಒಂದೇ ಕಥೆಯಿಂದ ಆರಂಭಿಸುತ್ತಾರೆ: ಹೊಯ್ಸಳರ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿದನು, ಒಬ್ಬ ಮುದುಕಿ ಬೆಂದ ಕಾಳು ಕೊಟ್ಟಳು, ಬೆಂದಕಾಳೂರೇ ಬೆಂಗಳೂರಾಯಿತು. ಕಥೆ ಇಂಪಾಗಿದೆ. ಹಸಿದ ರಾಜ, ಬಡ ಮುದುಕಿ, ಒಂದು ಹಿಡಿ ಕಾಳು. ಇಷ್ಟಿದ್ದರೆ ಕನ್ನಡಿಗನ ಮನಸ್ಸು ಕರಗಲು ಇನ್ನೇನು ಬೇಕು? ಕಷ್ಟವೆಂದರೆ, ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ದೇವಾಲಯದಲ್ಲಿರುವ ಒಂದು ವೀರಗಲ್ಲು ಅದಕ್ಕೂ ಮುನ್ನೂರು ವರ್ಷಗಳಷ್ಟು ಹಿಂದಿನದು, ಸುಮಾರು 890ರದು. ಅದರ ಮೇಲೆ ಬೆಂಗಳೂರೆಂಬ ಹೆಸರು ಆಗಲೇ ಇದೆ.

ಇದನ್ನು ಹೇಳಿದ ಕೂಡಲೇ ತರಗತಿಯಲ್ಲಿ ಜಯಘೋಷವಾಗುತ್ತದೆ. ಮುದುಕಿಯನ್ನು ಅಲ್ಲಿಯೇ ಕೈಬಿಟ್ಟು, ಮರುವಾರ ಅಷ್ಟೇ ಧೈರ್ಯವಾಗಿ ಬರೆದು ತರುತ್ತಾರೆ: ಬೆಂಗಳೂರು ಮಹಾನಗರಕ್ಕೆ ಸಾವಿರದ ನೂರು ವರ್ಷಗಳ ಇತಿಹಾಸವಿದೆಯೆಂದು ಶಾಸನವು ಸಾರುತ್ತದೆ, ಕಾವಲುಗಾರರು ಇದ್ದುದರಿಂದ ಬೆಂಗಾವಲೂರು ಎಂಬ ಹೆಸರು ಬಂದಿತೆಂದು ಇದರಿಂದ ಸಿದ್ಧವಾಗುತ್ತದೆ. ನನ್ನ ಮಟ್ಟಿಗೆ ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಕಾಳಿನ ಕಥೆ ಹೇಳುವವನಿಗೆ ತಾನು ಹೇಳುತ್ತಿರುವುದು ಕಥೆಯೆಂಬ ಅರಿವು ಮನಸ್ಸಿನ ಮೂಲೆಯಲ್ಲಾದರೂ ಇರುತ್ತದೆ. ಇವನು ಕಲ್ಲಿನ ಬಾಯಲ್ಲಿ ತನ್ನ ಮಾತನ್ನು ಆಡಿಸುತ್ತಾನೆ.

ಕಲ್ಲು ಹೇಳುವುದು ಬಹಳ ಸ್ವಲ್ಪ. ನಾಗತ್ತರನೆಂಬ ಅಧಿಕಾರಿಯ ಮನೆಯ ಕಡೆಯವನೊಬ್ಬನು ಬೆಂಗಳೂರ ಕಾಳೆಗದಲ್ಲಿ ಸತ್ತನು, ಅಷ್ಟೆ. ಆ ಬೆಂಗಳೂರೇ ಇಂದಿನ ಬೆಂಗಳೂರೆಂದು ಅದು ಹೇಳುವುದಿಲ್ಲ. ಹೆಸರು ಏಕೆ ಬಂತೆಂದೂ ಹೇಳುವುದಿಲ್ಲ. ಕೆಂಪೇಗೌಡನು 1537ರಲ್ಲಿ ಕೋಟೆ ಕಟ್ಟಿಸುವ ಮೊದಲು, ಕೊಡಿಗೇಹಳ್ಳಿಯ ಬಳಿ ಬೆಂಗಳೂರೆಂಬ ಬೇರೊಂದು ಹಳ್ಳಿಯಿತ್ತೆಂದೂ ಆ ಹೆಸರನ್ನೇ ಹೊಸ ಊರಿಗೆ ಇಟ್ಟರೆಂದೂ ಹೇಳುವವರಿದ್ದಾರೆ. ಆದುದರಿಂದ ಹುಡುಗರಿಗೆ ನಾನು ಹೇಳುವುದು ಇದು: ಹಾಳೆಯ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಗಡೆ ಕಲ್ಲು ಹೇಳಿದ್ದು, ಸಂಪುಟ ಮತ್ತು ಪುಟದ ಸಂಖ್ಯೆಯೊಡನೆ. ಬಲಗಡೆ ನಿಮಗೆ ತೋರಿದ್ದು. ಬಲಗಡೆ ಎಷ್ಟು ಬೇಕಾದರೂ ಬರೆಯಿರಿ, ಊಹೆಗೆ ಸುಂಕವಿಲ್ಲ. ಆದರೆ ಗೆರೆ ದಾಟಬೇಡಿ.

ಗೆರೆಯ ಮೇಲೆ ಇಷ್ಟು ಮಡಿವಂತಿಕೆ ಏಕೆಂದು ಕೇಳಬಹುದು. ನನಗನ್ನಿಸುವುದು ಹೀಗೆ. ಆ ಕಲ್ಲನ್ನು ನೆಟ್ಟವರಿಗೆ ಊರಿನ ವಯಸ್ಸಿನ ಚಿಂತೆಯಿರಲಿಲ್ಲ. ತಮ್ಮವನೊಬ್ಬ ಸತ್ತದ್ದನ್ನು ಮರೆಯಬಾರದೆಂದು ನೆಟ್ಟರು. ನಾವು ಅವನ ಸಾವನ್ನು ಬದಿಗೊತ್ತಿ ನಮ್ಮ ನಗರದ ಜಾತಕ ಬರೆಸಿಕೊಂಡೆವು. ಇರಲಿ, ಸತ್ತವರ ಉಪಯೋಗವನ್ನು ಬದುಕಿರುವವರು ಪಡೆಯುವುದು ಲೋಕರೂಢಿ. ಆದರೆ ಎದುರು ನಿಂತು, 'ಅಯ್ಯಾ, ನಾನು ಹಾಗೆ ಹೇಳಲಿಲ್ಲ' ಎನ್ನಲಾರದವನ ಮಾತನ್ನು ವರದಿ ಮಾಡುವಾಗ, ಬದುಕಿರುವವನ ಮಾತಿಗಿಂತ ಹೆಚ್ಚು ಎಚ್ಚರ ಬೇಡವೆ?

ಈ ಎಚ್ಚರವನ್ನು ತೋರಿಸಲು ನಾನು ಹುಡುಗರನ್ನು ಗ್ರಂಥಾಲಯದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಮುಂದೆ ಕೂರಿಸುತ್ತೇನೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತರಲಾರಂಭಿಸಿದ ಈ ಸಂಪುಟಗಳಲ್ಲಿ ಕಲ್ಲು ಸವೆದು ಅಕ್ಷರ ಅಳಿಸಿಹೋದ ಕಡೆ ಬರಿಯ ಚುಕ್ಕೆಗಳಿವೆ. ಅಷ್ಟು ಶಾಸನಗಳನ್ನು ಓದಿದವರಿಗೆ ಅಲ್ಲಿ ಯಾವ ಪದವಿದ್ದೀತೆಂದು ಹೊಳೆಯದೆ ಇದ್ದೀತೆ? ಆದರೂ ಚುಕ್ಕೆಯಿಟ್ಟರು. ನಮ್ಮ ಹುಡುಗರ ಪ್ರಬಂಧಗಳಲ್ಲಿ ಎಲ್ಲವೂ ಇರುತ್ತದೆ, ಆ ಚುಕ್ಕೆಗಳ ಹೊರತು.

ಒಬ್ಬ ಹುಡುಗಿ ಕೇಳಿದಳು: "ಹಾಗಾದರೆ ಮುದುಕಿಯ ಕಥೆಯನ್ನು ಬಿಸಾಡಿಬಿಡಬೇಕೇ ಸಾರ್? ನಮ್ಮಜ್ಜಿ ಹೇಳಿದ್ದು." ಒಳ್ಳೆಯ ಪ್ರಶ್ನೆ. ಬಿಸಾಡಬೇಕಾಗಿಲ್ಲ. ಅಜ್ಜಿ ಹೇಳಿದಳೆಂದೇ ಬರೆದುಕೊಳ್ಳಲಿ, ಯಾವ ಊರಿನಲ್ಲಿ, ಯಾವ ವರ್ಷ ಹೇಳಿದಳೆಂಬುದನ್ನೂ ಸೇರಿಸಿ. ಅದು 890ಕ್ಕೆ ಸಾಕ್ಷಿಯಲ್ಲ. ಆದರೆ ತಮ್ಮ ಊರಿನ ಹೆಸರು ಯುದ್ಧದಿಂದಲ್ಲ, ಹಸಿದವನಿಗೆ ಇಕ್ಕಿದ ಕಾಳಿನಿಂದ ಬರಲಿ ಎಂದು ಜನ ಬಯಸಿದ್ದಕ್ಕೆ ಒಳ್ಳೆಯ ಸಾಕ್ಷಿ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆ ಮಾತ್ರ ಇಷ್ಟು ಸುಲಭವಾಗಿರಲಿಲ್ಲ. "'ಇರಬಹುದು, ತಿಳಿಯದು' ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಕೊಡುತ್ತಾರೆಯೆ?"

ಕೊಡದವರೂ ಇದ್ದಾರೆ. ಸಂಶಯಪಟ್ಟ ಉತ್ತರಕ್ಕಿಂತ ತಪ್ಪೇ ಆದರೂ ಗಟ್ಟಿಯಾಗಿ ಹೇಳಿದ ಉತ್ತರ ಮೇಲೆಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಐದು ಅಂಕದಿಂದ ಕೆಲಸ ತಪ್ಪಬಹುದಾದ ಬಡವರ ಮಗನಿಗೆ, ನಷ್ಟವಾದರೂ ಸರಿ ಸತ್ಯವಾಗಿ ಬರೆ ಎನ್ನಲು ತಿಂಗಳ ಸಂಬಳ ತಪ್ಪದ ನನಗೆ ಏನು ಅಧಿಕಾರ? ಈ ಪ್ರಶ್ನೆಗೆ ಪೂರ್ತಿ ಸಮಾಧಾನ ನನ್ನಲ್ಲಿಲ್ಲ. ನನ್ನ ಕೈಯಲ್ಲಿರುವ ಅಂಕಗಳ ಮಟ್ಟಿಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಪ್ರಬಂಧದ ಜೊತೆಗೆ ಗೆರೆ ಎಳೆದ ಹಾಳೆಗಳನ್ನೂ ತರಬೇಕು. ಅರ್ಧ ಅಂಕ ಅವಕ್ಕೇ. ಈ ಸಲ ಆ ಹುಡುಗ ಹದಿನಾಲ್ಕು ಹಾಳೆ ತಂದಿದ್ದ. ಎಡಗಡೆ ಮೂರು ನಾಲ್ಕು ಸಾಲಿಗಿಂತ ಹೆಚ್ಚಿರಲಿಲ್ಲ. ಬಲಗಡೆ ಒಂದು ಕಡೆ, "ಇಲ್ಲಿ ನನಗೆ ಬೇರೆ ಏನೋ ಬರೆಯಬೇಕೆನಿಸಿತು, ಆಧಾರ ಸಿಗಲಿಲ್ಲ" ಎಂದು ಪೆನ್ಸಿಲಿನಲ್ಲಿ ಬರೆದಿದ್ದ.